ನಿಧಾನಿಯ ಏಳನೇ ಚಿತ್ರ

ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಹನ್ನೊಂದು ಜನ ಸೇರುತ್ತಾರೆ. ಭಾನುವಾರ ಅಂಗಡಿಗೆ ರಜೆ. ಗೋಂದಿನ ವಾಸನೆಗೆ ರಜೆಯಿಲ್ಲ. ಹನ್ನೊಂದು ಜನರಲ್ಲಿ ಒಬ್ಬರೂ ನಲವತ್ತಕ್ಕೆ ಕೆಳಗಿನವರಲ್ಲ. ಕೆಲವರ ತಲೆ ನೆರೆತಿದೆ, ಇಬ್ಬರು ಆಗಲೇ ಬೀಗರಾಗಿದ್ದಾರೆ. ಆದರೂ ಅವರು ಇಷ್ಟು ಶ್ರದ್ಧೆಯಿಂದ ಆ ಕಡಿದಾದ ಮೆಟ್ಟಿಲು ಹತ್ತಿ ಬರುವುದು ಆಟಿಕೆಗಳಿಗಾಗಿ. ಮಡಚಿದರೆ ಲಾರಿ, ಬಿಡಿಸಿದರೆ ಕೈಕಾಲಿರುವ ಯಂತ್ರದಾಳು; ರೆಕ್ಕೆ ಮುಚ್ಚಿದರೆ ವಿಮಾನ, ತೆರೆದರೆ ಹದ್ದು. ಇಂಥ ರೂಪ ಬದಲಿಸುವ ರೋಬಾಟುಗಳನ್ನು ಕೊಳ್ಳುವುದು, ಜೋಡಿಸಿಡುವುದು, ಹೊಸದು ಬಂದಾಗ ಅದರ ಮೇಲೆ ಅಭಿಪ್ರಾಯ ಹೇಳುವುದು ಬಳಗದ ಕೆಲಸ. ಕೊಳ್ಳುವುದು ಕಡಿಮೆ, ಅಭಿಪ್ರಾಯ ಹೆಚ್ಚು.

ಅಭಿಪ್ರಾಯದಲ್ಲಿ ಕೊನೆಯ ಮಾತು ಹಲ್ಲು ಮೇಷ್ಟ್ರದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ದಂತವೈದ್ಯರೂ ಅಲ್ಲ. ವೈದ್ಯರು ಕಳಿಸುವ ದವಡೆಯ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಕಟ್ಟಿಕೊಡುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಒಂದು ದವಡೆಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡವರಿಗೆ ಅಗಿಯಲಾಗುವುದಿಲ್ಲ ಎನ್ನುವುದು ಅವರ ಬೆರಳುಗಳಿಗೇ ಗೊತ್ತು. ಆ ಬೆರಳು ಆಟಿಕೆಯ ಕೀಲಿನ ಮೇಲೂ ಹಾಗೆಯೇ ಓಡಾಡುತ್ತಿತ್ತು. ಬಳಗದ ಪುಟದಲ್ಲಿ ಅವರು ಬರೆಯುವ ನಾಲ್ಕು ಸಾಲನ್ನು ಬೇರೆ ಊರುಗಳ ಆರೇಳು ಬಳಗದವರೂ ಕಾದು ಓದುತ್ತಿದ್ದರು. ಮೇಷ್ಟ್ರು ಹೂಂ ಅಂದರೆ ಕೊಳ್ಳುವುದು, ಊಹೂಂ ಅಂದರೆ ಬಿಡುವುದು.

ಬಳಗಕ್ಕೆ ಒಂದು ಕಟ್ಟುಪಾಡಿತ್ತು. ಹೊಸ ಆಟಿಕೆಯ ಜೊತೆ ಬರುವ ಸೂಚನೆಯ ಹಾಳೆಯನ್ನು ಯಾರೂ ನೋಡಬಾರದು. ಹೇಗೆ ಮಡಚಬೇಕು, ಹೇಗೆ ಬಿಡಿಸಬೇಕು ಅನ್ನುವುದನ್ನು ಕೈಯೇ ಕಂಡುಕೊಳ್ಳಬೇಕು. ಹಾಳೆ ನೋಡಿ ಬಿಡಿಸುವುದೆಂದರೆ ಕೊನೆಯ ಪುಟದಲ್ಲಿರುವ ಉತ್ತರ ನೋಡಿ ಲೆಕ್ಕ ಮಾಡಿದ ಹಾಗೆ. ಆದ್ದರಿಂದ ಡಬ್ಬಿ ತೆರೆದ ಕೂಡಲೇ ಹಾಳೆಯನ್ನು ಬೆನ್ನುಮೇಲಾಗಿ ಹಿಡಿದು ಡಬ್ಬಿಯಣ್ಣನ ಕೈಗೆ ದಾಟಿಸುತ್ತಿದ್ದರು. ಈ ಡಬ್ಬಿಯಣ್ಣ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುವವನು. ತಾನು ಕೊಂಡ ಆಟಿಕೆಯ ಡಬ್ಬಿಯನ್ನು ಇದುವರೆಗೆ ಒಮ್ಮೆಯೂ ತೆರೆದವನಲ್ಲ. ತೆರೆದರೆ ಬೆಲೆ ಹೋಗುತ್ತದೆ ಅಂತ ಅಲ್ಲ. ತೆರೆಯುವ ಧೈರ್ಯವಿಲ್ಲ ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರ ಹಾಳೆಗಳನ್ನು ಸುಕ್ಕು ಬಿಡಿಸಿ, ಪಾರದರ್ಶಕ ಲಕೋಟೆಗೆ ಹಾಕಿ, ಕಡತದಲ್ಲಿ ಇಡುತ್ತಿದ್ದ. ಕೀಲು, ಸಂದು, ಬಿಗಿತ ಇವುಗಳ ಮಾತು ಬಂದಾಗ ಅವನು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೂ ಕೇಳುವವರಿರಲಿಲ್ಲ.

ಆ ಭಾನುವಾರ ಮೊದಲ ಒಂದು ಗಂಟೆ ದೊಡ್ಡ ಕಂಪನಿಯ ಹೊಸ ಸಾಲಿನ ಮೇಲೆ ಹೋಯಿತು. ಎತ್ತುವ ಕ್ರೇನು ಬಿಚ್ಚಿ ಆಳಾಗುವ ‘ಸಿಡಿಲ್ಗೊರಳ’ನ ಕುತ್ತಿಗೆ ತೆಳುವಾಯಿತು ಅಂತ ಒಬ್ಬರು, ಹೆಸರು ದಪ್ಪವಾಯಿತು ಅಂತ ಇನ್ನೊಬ್ಬರು. ಅದಕ್ಕಿಂತ ದೊಡ್ಡ ಜಗಳ ‘ಕಡಲಗಳ್ಳ’ನದು. ಮೂವತ್ತು ವರ್ಷದ ಹಿಂದೆ ಅದು ಒಂದು ಜಲಾಂತರ್ಗಾಮಿಯ ಹೆಸರು. ಈಗ ಕಂಪನಿ ಅದೇ ಹೆಸರನ್ನು ಕಸದ ಲಾರಿಯೊಂದಕ್ಕೆ ಇಟ್ಟಿತ್ತು. ಹೆಸರುಗಳ ದಾಖಲೆ ಇಡುವುದು ಲೈಬ್ರರಿ ಅಕ್ಕನ ಪಾಲಿನ ಕೆಲಸ. ನಿಜಕ್ಕೂ ಗ್ರಂಥಾಲಯದಲ್ಲೇ ಕೆಲಸ ಅವರಿಗೆ. ಉದ್ದನೆಯ ನೋಟುಬುಕ್ಕಿನಲ್ಲಿ ಇದುವರೆಗಿನ ಸಾವಿರದ ಚಿಲ್ಲರೆ ಹೆಸರು ಬರೆದಿಟ್ಟಿದ್ದ ಅವರಿಗೆ ಇದು ಬದುಕಿರುವವರ ಹಾಸಿಗೆಯನ್ನು ಬಾಡಿಗೆಗೆ ಕೊಟ್ಟ ಹಾಗೆ ಕಂಡಿತು. ಬಳಗದಲ್ಲೊಬ್ಬ, ಲಿಫ್ಟು ರಿಪೇರಿ ಮಾಡುವವನು, ಕಸದ ಲಾರಿಗೆ ಕಳ್ಳರ ಕಾಟ ಇರುವುದಿಲ್ಲವಲ್ಲ, ಅದೇ ಕಳ್ಳನಾದರೆ ತಪ್ಪೇನು ಅಂತ ಕೇಳಿ ಅವರಿಂದ ಒಂದು ನೋಟ ಸಂಪಾದಿಸಿದ.

ಆಮೇಲೆ ಮೇಷ್ಟ್ರು ಚೀಲದಿಂದ ಒಂದು ಬಿಳಿ ರಟ್ಟಿನ ಡಬ್ಬಿ ತೆಗೆದರು. ತೆಗೆಯುವಾಗಲೇ, ಇದನ್ನು ಮಾಡಿದವಳು ತಮ್ಮ ನಾದಿನಿ, ಅದಕ್ಕಾಗಿ ಯಾರೂ ದಾಕ್ಷಿಣ್ಯ ನೋಡುವುದು ಬೇಡ ಅಂದರು.

ನಾದಿನಿ, ಅಂದರೆ ಅವರ ಹೆಂಡತಿಯ ತಂಗಿ, ಬಕೆಟ್ಟು, ಮಗ್ಗು, ಡಬ್ಬದ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಅಚ್ಚು ಕೊರೆಯುವ ಕೆಲಸದಲ್ಲಿದ್ದಳು. ಪಾಳಿ ಮುಗಿದ ಮೇಲೆ ಒಂದೂವರೆ ವರ್ಷ ಕೂತು, ರಸ್ತೆ ಸಮ ಮಾಡುವ ರೋಲರೊಂದು ಬಿಚ್ಚಿ ಆಳಾಗುವಂತೆ ವಿನ್ಯಾಸ ಮಾಡಿದ್ದಳು. ಕಾರ್ಖಾನೆಯ ಮಾಲೀಕರು ನೋಡಿ, ಮುಂಗಡ ಬೇಡಿಕೆ ನಾನೂರು ಬಂದರೆ ಅಚ್ಚು ಕೊರೆಸುತ್ತೇನೆ, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದರು. ಉಕ್ಕಿನ ದಿಮ್ಮಿ ಇದ್ದದ್ದು ಒಂದೇ, ಕೊರೆಯುವ ಯಂತ್ರವೂ ಒಂದೇ. ನಾನೂರು ಬರದಿದ್ದರೆ ಆ ದಿಮ್ಮಿಯಲ್ಲಿ ಮುಚ್ಚಳದ ಅಚ್ಚು. ಇದುವರೆಗೆ ಇನ್ನೂರ ಹತ್ತು ಬೇಡಿಕೆ ಬಂದಿದ್ದವು. ಉಳಿದವು ಮೇಷ್ಟ್ರ ನಾಲ್ಕು ಸಾಲಿಗೆ ಕಾಯುತ್ತಿವೆ ಅಂತ ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವಳಾಗಿ ಏನೂ ಕೇಳಿರಲಿಲ್ಲ. ಡಬ್ಬಿ ಕೊಟ್ಟು, ನೋಡಿ ಭಾವ ಅಂದು, ಬಸ್ಸು ಹಿಡಿದು ಪಾಳಿಗೆ ಹೋಗಿದ್ದಳು.

ಮೊದಲು ಹೆಸರು ಓದಿದರು. ‘ನಿಧಾನಿ.’

ಆಮೇಲೆ ಲಿಫ್ಟಿನವನು ಕೇಳಿದ:

“ಶತ್ರು ಬಂದ ಅಂದ್ರೆ ಇದೇನನ್ನುತ್ತೆ? ‘ಕೂತಿರಿ, ಬಂದೆ’ ಅನ್ನುತ್ತಾ?”

ನಗು ಬಿದ್ದಿತು. ಆ ನಗುವಿನಲ್ಲಿ ತಲೆಗೊಂದರಂತೆ ಹೆಸರುಗಳು ಬಂದವು: ನೆಲಸಮ, ಪುಡಿಗಟ್ಟ, ಕಲ್ಲುಹಿಟ್ಟು. ಲೈಬ್ರರಿ ಅಕ್ಕ ನೋಟುಬುಕ್ಕು ತಿರುವಿ, ಏನೇ ಆಗಲಿ ಈ ಹೆಸರು ಇದುವರೆಗೆ ಯಾರಿಗೂ ಇಟ್ಟಿದ್ದಲ್ಲ, ಕದ್ದದ್ದೂ ಅಲ್ಲ ಅಂತ ಮಾತ್ರ ಹೇಳಿದರು. ಮೇಷ್ಟ್ರು ನಗಲಿಲ್ಲ. ಆದರೆ ತಡೆಯಲೂ ಇಲ್ಲ.

ಹಾಳೆ ಡಬ್ಬಿಯಣ್ಣನ ಕೈಗೆ ದಾಟಿತು. ಲಿಫ್ಟಿನವನು ಗಡಿಯಾರ ಹಿಡಿದ. ಮೇಷ್ಟ್ರು ರೋಲರನ್ನು ಮೇಜಿನ ಮೇಲೆ ಎರಡು ಸಲ ಉರುಳಿಸಿ ನೋಡಿದರು. ಮುಂದಿನ ಉರುಳೆ ನುಣ್ಣಗೆ ತಿರುಗಿತು. ಹಿಂದಿನ ಭಾಗ ಸೀಳಿ ಎರಡು ಕಾಲಾಗುತ್ತದೆ ಅನ್ನುವುದು ನೋಡಿದ ಕೂಡಲೇ ಹೊಳೆಯಿತು. ತೋಳು ಎಲ್ಲಿ ಅಡಗಿದೆ ಅನ್ನುವುದಕ್ಕೆ ಒಂದು ನಿಮಿಷ ಹಿಡಿಯಿತು. ತಲೆ ಎಂಜಿನ್ನಿನ ಮುಚ್ಚಳದ ಅಡಿಯಲ್ಲಿತ್ತು. ಕೊನೆಗೆ ಎರಡು ಕಾಲನ್ನೂ ಸೊಂಟಕ್ಕೆ ಒತ್ತಿದಾಗ ಟಕ್ ಅಂತ ಕಚ್ಚಿಕೊಂಡ ಸದ್ದು. ನಾಲ್ಕು ನಿಮಿಷ ಹತ್ತು ಸೆಕೆಂಡು. ಮೇಜಿನ ನಡುವೆ ನಿಲ್ಲಿಸಿದರು. ಅದು ಗಟ್ಟಿಮುಟ್ಟಾಗಿ, ಸ್ವಲ್ಪ ಗುಜ್ಜಾಗಿ, ಯಾರಿಗೋ ಕಾಯುತ್ತಿರುವವರ ಹಾಗೆ ನಿಂತಿತು. ಆಮೇಲೆ ಎಡಕ್ಕೆ ವಾಲಿತು. ಇನ್ನಷ್ಟು ವಾಲಿತು. ಅವಸರವೇನೂ ಇಲ್ಲದೆ ಮಗುಚಿಕೊಂಡಿತು.

“ಹೆಸರಿಗೆ ತಕ್ಕ ಹಾಗೆ ಬಿತ್ತು,” ಅಂದ ಲಿಫ್ಟಿನವನು.

ಮೇಷ್ಟ್ರು ಸುಮ್ಮನೆ ಬಿಡುವವರಲ್ಲ. ಜೇಬಿನಿಂದ ವರ್ನಿಯರ್ ಅಳತೆಗೋಲು ತೆಗೆದರು. ಬಲಗಾಲಿಗಿಂತ ಎಡಗಾಲು ಎರಡು ಮಿಲಿಮೀಟರು ಮೋಟು. ಬಿಚ್ಚಿ, ಮತ್ತೆ ಕಚ್ಚಿಸಿ, ಮತ್ತೆ ಅಳೆದರು. ಎರಡೇ ಮಿಲಿಮೀಟರು. ಬೇರೆಯವರ ಆಟಿಕೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಿ, ಇದೊಂದು ಮಾದರಿಯ ದೋಷವಿರಬಹುದು ಅಂತ ಒಂದು ವಾಕ್ಯ ಸೇರಿಸುತ್ತಿದ್ದರು. ನಾದಿನಿಯದಾದ್ದರಿಂದ ಆ ವಾಕ್ಯ ಮುಲಾಜಿನದಾಗಿ ಕಂಡೀತು ಅನ್ನಿಸಿತು. ನ್ಯಾಯ ಮಾಡುತ್ತಿದ್ದೇನೆ ಎಂದು ತೋರಿಸಿಕೊಳ್ಳುವ ಆಸೆ ನ್ಯಾಯಕ್ಕಿಂತ ಒಂದು ತೂಕ ಜಾಸ್ತಿಯೇ ಇರುತ್ತದೆ. ಅಂದು ಸಂಜೆ ಅವರು ಬಳಗದ ಪುಟದಲ್ಲಿ ಬರೆದದ್ದು ಹೀಗಿತ್ತು:

“ತಯಾರಿಸಿದವರು ನನಗೆ ಸಂಬಂಧಿಕರು, ಆದ್ದರಿಂದ ಎರಡು ಸಲ ಅಳೆದೆ. ಎಡಗಾಲು ಎರಡು ಮಿಲಿಮೀಟರು ಗಿಡ್ಡ, ಕೀಲು ಪೂರ್ತಿ ಕೂರುವುದಿಲ್ಲ. ನಿಂತ ಒಂದು ನಿಮಿಷದೊಳಗೆ ಬೀಳುತ್ತದೆ. ಹೆಸರಿನ ಬಗ್ಗೆ ಹೇಳುವುದಾದರೆ, ತನ್ನ ದೋಷವನ್ನು ಮುಂಚಿತವಾಗಿ ಒಪ್ಪಿಕೊಂಡ ಮೊದಲ ಆಟಿಕೆ ಇದೇ ಇರಬೇಕು.”

ಕೊನೆಯ ವಾಕ್ಯವನ್ನು ಅವರು ಮೂರು ಸಲ ತಿದ್ದಿದ್ದರು. ಚೆನ್ನಾಗಿ ಬಂದಿದೆ ಅನ್ನಿಸಿತು. ಚೆನ್ನಾಗಿಯೇ ಬಂದಿತ್ತು, ಮಾರನೆಯ ಮಧ್ಯಾಹ್ನದ ಹೊತ್ತಿಗೆ ಆರು ಊರಿನ ಬಳಗಗಳಲ್ಲಿ ಅದೊಂದೇ ವಾಕ್ಯ ಓಡಾಡುತ್ತಿತ್ತು. ಹಿಂದಿನ ಮೂರು ವಾಕ್ಯ ಅದರ ಜೊತೆ ಹೋಗಿರಲಿಲ್ಲ. ಆಟಿಕೆಯನ್ನು ಕಣ್ಣಿಂದ ಕೂಡ ನೋಡದವರು ಅದನ್ನು ಹೇಳಿ ನಕ್ಕರು. ಬೇಡಿಕೆ ಇನ್ನೂರ ಹತ್ತಕ್ಕೆ ನಿಂತಿತು. ಎರಡು ದಿನದಲ್ಲಿ ನೂರ ತೊಂಬತ್ತಕ್ಕೆ ಇಳಿಯಿತು.

ನಾದಿನಿ ಫೋನು ಮಾಡಿದ್ದು ಮಂಗಳವಾರ. ಹಿಂದೆ ಯಂತ್ರದ ಗದ್ದಲವಿತ್ತು, ಅವಳ ದನಿ ಎಂದಿನಂತೆ ಸಮವಾಗಿತ್ತು. ಹೆಸರಿನ ಮಾತೇ ಎತ್ತಲಿಲ್ಲ. ತನ್ನ ಹತ್ತಿರ ಇರುವ ಇನ್ನೊಂದು ಮಾದರಿ ಬೆಳಗ್ಗಿನಿಂದ ನಿಂತೇ ಇದೆ, ಬಿದ್ದಿಲ್ಲ ಅಂದಳು. ಆಮೇಲೆ ಕೇಳಿದಳು:

“ಹಾಳೆಯಲ್ಲಿರೋ ಹಾಗೇ ಮಾಡಿದ್ರಿ ಅಲ್ವಾ ಭಾವ?”

“ಮಾಡದೇ ಇರ್ತೀನಾ?”

“ಹಾಗಿದ್ರೆ ನಿಮಗೆ ಕೊಟ್ಟಿದ್ದರಲ್ಲೇ ಏನೋ ಐಬು ಇರಬೇಕು. ನನ್ನದೇ ತಪ್ಪು. ನೋಡ್ತೀನಿ.”

ಅವರು ಹೇಳಿದ್ದು ಸುಳ್ಳಲ್ಲ, ಬರಿಯ ಪ್ರಶ್ನೆ. ಫೋನು ಇಟ್ಟ ಮೇಲೆ ಹಾಗಂತ ತಮಗೆ ತಾವೇ ಹೇಳಿಕೊಂಡರು. ಇಪ್ಪತ್ತು ವರ್ಷದಿಂದ ನೂರಾರು ಆಟಿಕೆ ಬಿಡಿಸಿದ ಕೈ ಇದು. ಹಾಳೆಯಲ್ಲಿ ಇನ್ನೇನು ಇದ್ದೀತು? ಆದರೆ ಅವಳು ನಂಬಿದಳು. ತನ್ನ ಕಣ್ಣೆದುರು ನಿಂತಿದ್ದ ಆಟಿಕೆಗಿಂತ ಭಾವನ ಮಾತನ್ನು ಹೆಚ್ಚು ನಂಬಿ, ಎಲ್ಲ ನಕ್ಷೆ ಹರಡಿಕೊಂಡು, ಇಲ್ಲದ ಎರಡು ಮಿಲಿಮೀಟರನ್ನು ಹತ್ತು ದಿನ ಹುಡುಕಿದಳು. ಈ ಸಂಗತಿ ಮೇಷ್ಟ್ರಿಗೆ ಗೊತ್ತಾಗುತ್ತಿದ್ದದ್ದು ಹೆಂಡತಿಯ ಕಡೆಯಿಂದ. ತಂಗಿ ಊಟಕ್ಕೂ ನಕ್ಷೆ ಇಟ್ಟುಕೊಂಡೇ ಕೂರುತ್ತಾಳಂತೆ, ಕಣ್ಣು ಊದಿವೆಯಂತೆ. ಹೆಂಡತಿ ಇದನ್ನು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು. ನ್ಯಾಯ ನ್ಯಾಯವೇ ಅಲ್ಲವೇ ಅಂತ ಮೇಷ್ಟ್ರು ಒಮ್ಮೆ ಬಾಯಿ ತೆರೆದಾಗ ಅವಳು ತಿರುಗಿ ನೋಡಿದಳು.

“ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀರಿ. ಮನೆಯೋರ ಮೇಲೆ ಮಾತ್ರ ಹಲ್ಲು ಮಸೀತೀರಿ.”

ತಿಂಗಳ ಕೊನೆಗೆ ನಾಲ್ಕು ದಿನ ಉಳಿದಿರುವಾಗ ಡಬ್ಬಿಯಣ್ಣ ಪ್ರಯೋಗಾಲಯಕ್ಕೆ ಬಂದ. ಅವನ ತಾಯಿಯ ಕೆಳಗಿನ ಸೆಟ್ಟು ತಯಾರಾಗಿತ್ತು. ಆ ಕೋಣೆಯಲ್ಲಿ ಎಲ್ಲದರ ಮೇಲೂ ಸುಣ್ಣದಂಥ ಬಿಳಿ ಪುಡಿ. ಕಪಾಟಿನ ತುಂಬ ಯಾರು ಯಾರದೋ ದವಡೆಯ ಅಚ್ಚುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು, ಒಂದೊಂದರ ಕೆಳಗೂ ವೈದ್ಯರ ಚೀಟಿ. ಮೇಷ್ಟ್ರು ಮೇಣ ಕಾಯಿಸುತ್ತ, ಸೆಟ್ಟನ್ನು ತಾಯಿಗೆ ಹೇಗೆ ಹಾಕಬೇಕು, ಮೊದಲ ವಾರ ಏನು ಅಗಿಯಬಾರದು ಅಂತ ವಿವರಿಸಿದರು. ಡಬ್ಬಿಯಣ್ಣ ಎಲ್ಲಕ್ಕೂ ತಲೆಯಾಡಿಸಿದ. ಹೊರಡಲಿಲ್ಲ. ಬಾಗಿಲವರೆಗೆ ಹೋಗಿ ಮರಳಿ ಬಂದು, ಚೀಲದಿಂದ ಒಂದು ಪಾರದರ್ಶಕ ಲಕೋಟೆ ತೆಗೆದ.

“ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನಾನು ಇಂಥದ್ದರಲ್ಲಿ ಮಾತಾಡೋನಲ್ಲ. ಏಳನೇ ಚಿತ್ರದಲ್ಲಿ ಉರುಳೆ ಪಕ್ಕ ಒಂದು ಬಾಣ ಇದೆ. ಅವತ್ತು ನೀವು ಇದನ್ನ ಮಾಡಿದ್ದು ನಾನು ನೋಡ್ಲಿಲ್ಲ. ನೋಡದೇ ಇದ್ದಿದ್ದು ನನ್ನ ಕಣ್ಣಿನ ತಪ್ಪೂ ಇರಬಹುದು.”

ಮೇಷ್ಟ್ರು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾದಿನಿಯ ಕೈಯ ಗೆರೆಗಳು, ಒಂದೂ ಅಲುಗಿರಲಿಲ್ಲ. ಆರನೇ ಚಿತ್ರದಲ್ಲಿ ತೋಳು ಹೊರಗೆ. ಎಂಟನೇ ಚಿತ್ರದಲ್ಲಿ ಕಾಲು ಸೊಂಟಕ್ಕೆ. ನಡುವೆ ಏಳನೆಯದರಲ್ಲಿ ಉರುಳೆಯನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಬೇಕು. ಹಾಗೆ ತಿರುಗಿಸಿದರೆ ಹೊಟ್ಟೆಯೊಳಗಿನ ಒಂದು ಸಣ್ಣ ಅಡ್ಡಪಟ್ಟಿ ಹಿಂದೆ ಸರಿಯುತ್ತದೆ ಅಂತ ಪಕ್ಕದಲ್ಲೇ ಸಣ್ಣದಾಗಿ ಬಿಡಿಸಿ ತೋರಿಸಿದ್ದಳು.

ನಿಧಾನಿ ಅಲ್ಲೇ ಇತ್ತು, ಕಪಾಟಿನಲ್ಲಿ ಎರಡು ದವಡೆಗಳ ನಡುವೆ. ಮೇಷ್ಟ್ರು ಅದನ್ನು ಮೊದಲಿನಿಂದ ಬಿಡಿಸಿದರು. ಉರುಳೆಯನ್ನು ಅರ್ಧ ಸುತ್ತು ತಿರುಗಿಸಿದರು. ಕಾಲು ಒತ್ತಿದರು. ಟಕ್ ಅಂದಿತು, ಹಿಂದಿನ ಸಲದ ಹಾಗೆಯೇ. ಆದರೆ ಇನ್ನೂ ಸ್ವಲ್ಪ ಒತ್ತಿದಾಗ ಎರಡನೆಯ ಸಲ ಟಕ್ ಅಂದಿತು. ಮೇಜಿನ ಮೇಲೆ ನಿಲ್ಲಿಸಿದರು. ಇಬ್ಬರೂ ಒಂದು ನಿಮಿಷ ನೋಡಿದರು. ಡಬ್ಬಿಯಣ್ಣ ತಾಯಿಯ ಹಲ್ಲಿನ ಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಐದು ನಿಮಿಷವಾಯಿತು. ಅದು ವಾಲಲಿಲ್ಲ.

ಅಡ್ಡಪಟ್ಟಿ ಸರಿಯದಿದ್ದರೆ ಎಡಗಾಲು ಮೊದಲ ಕಚ್ಚಿಗೇ ನಿಂತುಬಿಡುತ್ತಿತ್ತು. ಪೂರ್ತಿ ಕೂತಿದೆ ಅನ್ನುವ ಸದ್ದು ಮಾಡಿ ನಿಂತುಬಿಡುತ್ತಿತ್ತು. ಎರಡು ಮಿಲಿಮೀಟರು ಅಲ್ಲಿಂದ ಬಂದದ್ದು. ಅಳತೆ ಸರಿಯಾಗಿತ್ತು, ಅಳೆದ ವಸ್ತು ತಪ್ಪಾಗಿತ್ತು.

ಆ ದಿನ ಸಂಜೆ ಮನೆಗೆ ಬಂದು ತಿದ್ದುಪಡಿ ಬರೆಯಲು ಕೂತರು. ಮೊದಲ ಕರಡು ಉದ್ದವಾಯಿತು. ಒಳ್ಳೆಯ ವಿನ್ಯಾಸ ತಪ್ಪು ಜೋಡಣೆಗೆ ಅವಕಾಶವನ್ನೇ ಕೊಡಬಾರದು. ಉರುಳೆ ಎಲ್ಲ ಕಡೆಯಿಂದಲೂ ಒಂದೇ ಥರ ಇರುವುದರಿಂದ ತಿರುಗಿದೆಯೋ ಇಲ್ಲವೋ ಕಾಣುವುದಿಲ್ಲ. ಅರ್ಧ ಕೂತಾಗಲೂ ಸದ್ದು ಬರುವುದು ಮೋಸ ಮಾಡಿದಂತೆ. ಆದ್ದರಿಂದ ಲೋಪದಲ್ಲಿ ಇಬ್ಬರಿಗೂ ಪಾಲಿದೆ. ಓದಿ ನೋಡಿದರು. ಒಂದು ಮಾತೂ ಸುಳ್ಳಿರಲಿಲ್ಲ. ಪ್ರಯೋಗಾಲಯದಲ್ಲಿ ಯಾರದೋ ಬಾಯಿಗೆ ಸೆಟ್ಟು ಕೂರದಿದ್ದಾಗ, ತಾವು ಮೊದಲು ಹೇಳುವುದು ದವಡೆ ಸರಿಯಿಲ್ಲ ಅಂತಲೋ ಅಥವಾ ಚೀಟಿ ತಂದು ಮತ್ತೆ ನೋಡುತ್ತೇನೆ ಅಂತಲೋ? ಅಲ್ಲಿ ಚೀಟಿ ಓದದೆ ಮೇಣ ಮುಟ್ಟಿದವರಲ್ಲ ಅವರು. ನಿಜವಾದ ಮಾತುಗಳ ಹಿಂದೆಯೂ ಒಬ್ಬ ಮನುಷ್ಯ ಬಚ್ಚಿಟ್ಟುಕೊಳ್ಳಬಹುದು, ಸುಳ್ಳಿನ ಹಿಂದೆ ಬಚ್ಚಿಟ್ಟುಕೊಳ್ಳುವುದಕ್ಕಿಂತ ಅದು ಸಲೀಸು. ಎಲ್ಲ ಅಳಿಸಿ ಮೂರು ಸಾಲು ಬರೆದರು:

“ನಿಧಾನಿ ಬಿದ್ದದ್ದು ನನ್ನ ಕೈಯಿಂದ, ನಾನು ಹಾಳೆ ಓದಿರಲಿಲ್ಲ. ಓದಿದಿರಾ ಅಂತ ತಯಾರಿಸಿದವರು ಕೇಳಿದಾಗ ಓದಿದವನ ಹಾಗೆ ಉತ್ತರ ಕೊಟ್ಟೆ. ಏಳನೇ ಚಿತ್ರದಂತೆ ಮಾಡಿದರೆ ಅದು ನೆಟ್ಟಗೆ ನಿಲ್ಲುತ್ತದೆ, ಇದನ್ನು ಡಬ್ಬಿಯಣ್ಣ ಕಂಡುಹಿಡಿದದ್ದು.”

ಹೆಂಡತಿ ಹೆಗಲ ಮೇಲಿಂದ ಓದಿದಳು. ಮೂರು ಸಾಲಿಗೆ ಎರಡು ಗಂಟೆ ಬೇಕಾಯಿತೇ ಅಂತ ಕೇಳಿ, ಎದುರಿಗೆ ಚಹಾ ಇಟ್ಟು ಹೋದಳು. ಹದಿನೈದು ದಿನದಿಂದ ಚಹಾ ಅಡುಗೆಮನೆಯ ಕಟ್ಟೆಯ ಮೇಲೇ ಸಿಗುತ್ತಿತ್ತು.

ಆಡಿದ ಮಾತು, ಒಡೆದ ಮುತ್ತು. ತಿದ್ದುಪಡಿ ಓದಿದವರು ಓದಿದರು, ಆದರೆ ಅದನ್ನು ಯಾರೂ ಇನ್ನೊಬ್ಬರಿಗೆ ಹೇಳಿ ನಗುವ ಹಾಗಿರಲಿಲ್ಲ. ಬಳಗದ ಪುಟದಲ್ಲಿ ಚರ್ಚೆ ಬೇರೆ ದಾರಿ ಹಿಡಿಯಿತು. ಹಾಗಾದರೆ ಇನ್ನು ಮೇಲೆ ನಾವೆಲ್ಲ ಹಾಳೆ ಓದಬೇಕೋ ಅಂತ ಲಿಫ್ಟಿನವನು ಕೇಳಿದ. ಓದಿದರೆ ಮಜಾ ಎಲ್ಲಿ ಅಂತ ಒಬ್ಬರು, ಓದದಿದ್ದರೆ ಮರ್ಯಾದೆ ಎಲ್ಲಿ ಅಂತ ಇನ್ನೊಬ್ಬರು. ಲೈಬ್ರರಿ ಅಕ್ಕ ಎರಡು ನಿಧಾನಿ ಬೇಕು ಅಂತ ಬರೆಸಿ, ಓದುವುದನ್ನು ಅವಮಾನ ಅಂದುಕೊಂಡ ಬಳಗದಲ್ಲಿ ಇಷ್ಟು ವರ್ಷ ಕೂತಿದ್ದಕ್ಕೆ ತಮಗೆ ನಾಚಿಕೆಯಾಗಿದೆ ಅಂದರು. ಬೇರೆ ಊರುಗಳಲ್ಲಿ ಆ ಹಳೆಯ ವಾಕ್ಯ ಇನ್ನೂ ಓಡಾಡುತ್ತಲೇ ಇತ್ತು. ಯಾರೋ ಅದಕ್ಕೆ ಚಿತ್ರವನ್ನೂ ಬರೆದು ಹಾಕಿದ್ದರು. ಮೇಷ್ಟ್ರು ಒಂದೊಂದು ಕಡೆಗೂ ಹೋಗಿ ತಿದ್ದುಪಡಿ ಅಂಟಿಸಿದರು. ನಾಲ್ಕು ದಿನದಲ್ಲಿ ಬೇಡಿಕೆ ಮುನ್ನೂರ ಮೂವತ್ತೆರಡಕ್ಕೆ ಬಂದು ನಿಂತಿತು. ತಿಂಗಳು ಮುಗಿಯಿತು. ದಿಮ್ಮಿ ಮುಚ್ಚಳದ ಪಾಲಾಯಿತು.

ಮುಂದಿನ ಶನಿವಾರ ಮೇಷ್ಟ್ರು ಅರ್ಧ ದಿನ ರಜೆ ಹಾಕಿ ಕಾರ್ಖಾನೆಗೆ ಹೋದರು. ಕಾದ ಪ್ಲಾಸ್ಟಿಕ್ಕಿನ ವಾಸನೆ ಗೇಟಿನಿಂದಲೇ ಶುರುವಾಗುತ್ತಿತ್ತು. ಒಳಗೆ ಒಂದು ಯಂತ್ರ ಉಸಿರೆಳೆದು ಬಿಟ್ಟಂತೆ ಸದ್ದು ಮಾಡಿ ನೀಲಿ ಬಕೆಟ್ಟುಗಳನ್ನು ಒಂದೊಂದಾಗಿ ಉದುರಿಸುತ್ತಿತ್ತು. ಒಬ್ಬ ಹೆಂಗಸು ಅವುಗಳ ಅಂಚಿನ ಜುಂಗು ಕೆರೆದು ಪಕ್ಕಕ್ಕೆ ಪೇರಿಸುತ್ತಿದ್ದಳು. ಅಚ್ಚಿನ ವಿಭಾಗ ಕೊನೆಯಲ್ಲಿ, ಗಾಜಿನ ತಡಿಕೆಯ ಆಚೆ. ನಾದಿನಿ ಮುಚ್ಚಳದ ಅಚ್ಚಿಗೆ ಹೊಳಪು ಕೊಡುತ್ತಿದ್ದಳು. ಕಣ್ಣು ನಿಜವಾಗಿಯೂ ಊದಿದ್ದವು.

ಕ್ಷಮೆಯ ಮಾತನ್ನು ಮೇಷ್ಟ್ರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರು. ಅವಳು ಅರ್ಧಕ್ಕೇ ತಡೆದು ಸ್ಟೂಲು ತೋರಿಸಿದಳು. ಬರೆದದ್ದನ್ನು ಓದಿದ್ದೇನೆ ಅಂದಳು. ಹತ್ತು ದಿನ ಹೋಯಿತಲ್ಲ ಅಂತ ಅವರು ಅಂದಾಗ ಇಲ್ಲವೆನ್ನಲಿಲ್ಲ. ಹೌದು, ಹೋಯಿತು ಅಂದಳು. ಅದರಲ್ಲಿ ಕೋಪವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಒಂದು ಅಳತೆ ಹೇಳಿದ ಹಾಗಿತ್ತು.

ಆಮೇಲೆ ವಿಷಯ ಹೇಳಿದಳು. ತಿದ್ದುಪಡಿಯ ಸುದ್ದಿ ಮಾಲೀಕರಿಗೂ ಮುಟ್ಟಿತ್ತು. ಮುಚ್ಚಳ ಮುಗಿದ ಮೇಲೆ ಇನ್ನೊಂದು ದಿಮ್ಮಿ ತರಿಸಬಹುದು, ಮುನ್ನೂರ ಮೂವತ್ತೆರಡು ಅಂದರೆ ಕಡಿಮೆಯೇನಲ್ಲ ಅಂತ ಅವರು ಯೋಚಿಸಿದ್ದರು. ಆದರೆ ಒಂದು ಷರತ್ತು. ಉಕ್ಕನ್ನು ಒಮ್ಮೆ ಕೊರೆದರೆ ಮುಗಿಯಿತು, ಮತ್ತೆ ತುಂಬಲಾಗುವುದಿಲ್ಲ. ಹಾಳೆ ಓದದವನ ಕೈಯಲ್ಲೂ ಆಟಿಕೆ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಮರೆತುಬಿಡಬೇಕು. ಇವತ್ತು ಮಧ್ಯಾಹ್ನ ಅವರು ಅದನ್ನು ನೋಡಲು ಬರುತ್ತಾರೆ.

ಮೇಜಿನ ಖಾನೆಯಿಂದ ಹೊಸ ಮಾದರಿ ತೆಗೆದು ಮುಂದಿಟ್ಟಳು. ಮೇಷ್ಟ್ರು ಮುಟ್ಟಲಿಲ್ಲ. ಮೊದಲು ಹಾಳೆ ಕೊಡು ಅಂದರು.

“ಬೇಡ ಭಾವ. ಓದಿ ಮಾಡೋರು ಇಲ್ಲಿ ಬೇಕಾದಷ್ಟು ಜನ ಇದಾರೆ. ಓದದೇ ಇರೋರಲ್ಲಿ ನಿಮ್ಮಷ್ಟು ಪಳಗಿದ ಕೈ ನನಗೆ ಇನ್ನೊಂದು ಸಿಗಲ್ಲ.”

ಅವಳ ಮುಖದಲ್ಲಿ ನಗುವಿರಲಿಲ್ಲ. ಆದ್ದರಿಂದ ಅದು ಚುಚ್ಚುಮಾತೋ, ಕೆಲಸದ ಮಾತೋ ತಿಳಿಯಲಿಲ್ಲ, ಎರಡೂ ಆಗಿದ್ದಿರಬೇಕು.

ಮಾಲೀಕರು ಬಂದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಬಾಗಿಲಿಗೆ ಒರಗಿ ನಿಂತರು. ಮೇಷ್ಟ್ರು ರೋಲರನ್ನು ಕೈಗೆತ್ತಿಕೊಂಡರು. ಏಳನೇ ಚಿತ್ರ ಗೊತ್ತಿದ್ದೂ ಗೊತ್ತಿಲ್ಲದವರಂತೆ ಆಡಬೇಕಿತ್ತು, ಅದು ಅಂದುಕೊಂಡದ್ದಕ್ಕಿಂತ ಕಷ್ಟ. ತೋಳು ಬಿಡಿಸಿದರು, ತಲೆ ಎತ್ತಿದರು. ಉರುಳೆಯನ್ನು ಹಾಗೇ ಬಿಟ್ಟು ಕಾಲು ಒತ್ತಿದರು. ಸದ್ದಿಲ್ಲ. ಕಾಲು ಸಡಿಲವಾಗಿ ಜೋತುಬಿತ್ತು. ಇನ್ನೂ ಒತ್ತಿದರು, ಕಚ್ಚಲಿಲ್ಲ.

“ಕೀಲಿನ ಮೊದಲ ಹಲ್ಲು ಕಿತ್ತುಬಿಟ್ಟೆ,” ಅಂದಳು ನಾದಿನಿ. “ಪೂರ್ತಿ ಕೂತರೆ ಮಾತ್ರ ಸದ್ದು. ಇಲ್ಲಾಂದ್ರೆ ಜೋಲಿ.”

ಉರುಳೆಯ ಮೇಲೆ ಈ ಸಲ ಒಂದು ಉಬ್ಬುಗೆರೆ ಇತ್ತು, ಸೊಂಟದ ಮೇಲೆ ಅಂಥದ್ದೇ ಇನ್ನೊಂದು. ಎರಡೂ ಎದುರುಬದುರಾಗಿರಲಿಲ್ಲ. ಏನೂ ಗೊತ್ತಿಲ್ಲದವನ ಕಣ್ಣಿಗೂ ಅದು ಅಂಗಿಯ ಗುಂಡಿ ತಪ್ಪಿ ಹಾಕಿದಂತೆ ಕಾಣುತ್ತಿತ್ತು. ಗೆರೆಗೆ ಗೆರೆ ಕೂಡಿಸಿದಾಗ ಕಾಲು ಒಂದೇ ಸಲಕ್ಕೆ ಕಚ್ಚಿಕೊಂಡಿತು. ನಿಲ್ಲಿಸಿದರು. ನಿಂತಿತು. ಮಾಲೀಕರು ಮೇಜನ್ನು ಬೆರಳಿನಿಂದ ತಟ್ಟಿದರು, ನಿಂತೇ ಇತ್ತು.

ಇನ್ನೊಮ್ಮೆ ಮಾಡಿಸಿದಳು. ಮತ್ತೊಮ್ಮೆ. ಬೇಗ ಮಾಡಿ ಅಂದಳು, ಗಡಿಯಾರ ಹಿಡಿದವರು ಎದುರಿಗಿದ್ದಾರೆ ಅಂದುಕೊಳ್ಳಿ ಅಂದಳು. ಕಾಲನ್ನು ತಿರುಚಿ, ಅಡ್ಡ ಹಿಡಿದು, ಮೊದಲು ಬಲ ಆಮೇಲೆ ಎಡ, ಉರುಳೆಯನ್ನು ಅರ್ಧದ ಬದಲು ಕಾಲು ಸುತ್ತು ಮಾತ್ರ ತಿರುಗಿಸಿ, ಹೀಗೆ ಮೇಷ್ಟ್ರು ತಮಗೆ ತಿಳಿದ ಎಲ್ಲ ತಪ್ಪನ್ನೂ ಮಾಡಿ ನೋಡಿದರು. ಹದಿನಾರನೆಯ ಸಲ ಹೊಸದೊಂದು ತಪ್ಪು ಹೊಳೆಯಿತು: ತೋಳು ಬಿಡಿಸುವ ಮೊದಲೇ ಕಾಲು ಎಳೆದರು. ಸೊಂಟದ ಹತ್ತಿರ ಪ್ಲಾಸ್ಟಿಕ್ಕು ಸ್ವಲ್ಪ ಬಾಗಿತು. ನಾದಿನಿ ಪೆನ್ಸಿಲು ತೆಗೆದುಕೊಂಡು ಅದನ್ನು ಬರೆದುಕೊಂಡಳು. ಅಲ್ಲಿ ಗೋಡೆ ಅರ್ಧ ಮಿಲಿಮೀಟರು ದಪ್ಪ ಮಾಡಿದರೆ ಸಾಕು, ಅಚ್ಚು ಕೊರೆಯುವ ಮೊದಲೇ ಸಿಕ್ಕಿತಲ್ಲ ಅಂದಳು.

ಮಾಲೀಕರು ಕನ್ನಡಕ ಒರೆಸಿಕೊಂಡರು. ಮುಂದಿನ ತಿಂಗಳ ಎರಡನೇ ವಾರ ಯಂತ್ರ ಖಾಲಿಯಿದೆ, ದಿಮ್ಮಿಗೆ ಸೋಮವಾರ ಹೇಳಿ ಕಳಿಸುತ್ತೇನೆ ಅಂದರು. ಹೊರಡುವ ಮುಂಚೆ ಹೆಸರಿನ ಬಗ್ಗೆ ವಿಚಾರಿಸಿದರು. ಜನ ಅದನ್ನೇ ಹಿಡಿದು ನಕ್ಕಿದ್ದಾರಂತಲ್ಲ, ಬದಲಾಯಿಸುವುದಾದರೆ ಅಚ್ಚಿನಲ್ಲಿ ಅಕ್ಷರ ಕೊರೆಯುವ ಮೊದಲು ಹೇಳಬೇಕು. ಹೇಳಿ ಮೇಷ್ಟ್ರ ಕಡೆ ನೋಡಿದರು. ಇಂಥದ್ದರಲ್ಲಿ ಇವರದೇ ಕೊನೆಯ ಮಾತು ಅಂತ ಯಾರೋ ಹೇಳಿದ್ದಿರಬೇಕು.

ಮೇಷ್ಟ್ರು ಕೈಯಲ್ಲಿದ್ದ ಆಟಿಕೆ ನೋಡಿದರು. “ಅದನ್ನ ಅವಳನ್ನೇ ಕೇಳಿ,” ಅಂದರು.

“ರೋಲರು ನಿಧಾನಕ್ಕಲ್ದೆ ಇನ್ನು ಹೇಗೆ ಹೋಗುತ್ತೆ?” ಅಂದಳು ನಾದಿನಿ. “ಅದೇ ಇರ್ಲಿ.”

ಮಾಲೀಕರು ಸರಿ ಅಂತ ತಲೆಯಾಡಿಸಿ ಬಕೆಟ್ಟಿನ ಯಂತ್ರದ ಕಡೆ ಹೋದರು. ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ನಕ್ಷೆಯಲ್ಲಿ ಅರ್ಧ ಮಿಲಿಮೀಟರು ಗುರುತು ಹಾಕಿದಳು. ಭಾವನ ಕೈಯಿಂದ ನಿಧಾನಿಯನ್ನು ತೆಗೆದುಕೊಂಡು, ಮಡಚಿ ರೋಲರು ಮಾಡಿ, ಮತ್ತೆ ಅವರ ಕೈಗೇ ಇಟ್ಟಳು.

“ಇನ್ನೊಂದ್ಸಲ,” ಅಂದಳು. “ಈ ಸಲ ಸಿಟ್ಟಲ್ಲಿ ಮಾಡಿ.”